ಲಕ್ಸ್‌ಎಸ್ ಕಿಣ್ವದ ವಂಶಾವಳಿ: ಜೀನ್ ಅನುಕ್ರಮದಿಂದ ವಂಶವೃಕ್ಷದವರೆಗೆ ಸಮಗ್ರ ಮಾರ್ಗದರ್ಶಿ

ಬ್ಯಾಕ್ಟೀರಿಯಾದ ಒಂದು ಕಿಣ್ವವನ್ನು ಹಿಡಿದು ಅದರ ವಂಶಾವಳಿಯನ್ನು ಬಿಡಿಸಲು ಇಂದು ಪ್ರಯೋಗಾಲಯ ಬೇಕಿಲ್ಲ. ಜೀನ್ ಮತ್ತು ಪ್ರೋಟೀನ್‌ಗಳ ಅಕ್ಷರಸಾಲುಗಳು, ಅಂದರೆ ಅನುಕ್ರಮಗಳು, ಉಚಿತವಾಗಿ ಸಿಗುತ್ತವೆ, ತಂತ್ರಾಂಶಗಳೂ ಉಚಿತ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಕೆಟ್ಟ ವಂಶವೃಕ್ಷಗಳು ಹೇರಳವಾಗಿರುವುದಕ್ಕೂ ಇದೇ ಕಾರಣ. ತಂತ್ರಾಂಶಕ್ಕೆ ನೀವು ಏನನ್ನು ಕೊಟ್ಟರೂ ಅದು ಒಂದು ಮರವನ್ನು ಬಿಡಿಸಿಯೇ ತೀರುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಪ್ರೋಟೀನ್‌ಗಳನ್ನು ಕೊಟ್ಟರೂ ಕೊಂಬೆ ರೆಂಬೆಗಳಿರುವ ಅಂದದ ಚಿತ್ರ ಹೊರಬರುತ್ತದೆ, ದೋಷದ ಸಂದೇಶ ಬರುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಮರ ಕಟ್ಟುವ ಹಂತಕ್ಕಿಂತ ಅದರ ಹಿಂದಿನ ಮತ್ತು ಮುಂದಿನ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಅಭ್ಯಾಸಕ್ಕೆ ಲಕ್ಸ್‌ಎಸ್ ಏಕೆ

ಬ್ಯಾಕ್ಟೀರಿಯಾಗಳ ಸಂಕೇತ ವ್ಯವಸ್ಥೆಯ ಕಿಣ್ವ ಎಂದೊಡನೆ ಹೆಚ್ಚಿನವರು ಹೊರಗಿನ ಸಂಕೇತವನ್ನು ಗ್ರಹಿಸುವ ಹಿಸ್ಟಿಡೀನ್ ಕೈನೇಸ್‌ಗಳತ್ತ ಓಡುತ್ತಾರೆ. ಮೊದಲ ಪ್ರಯತ್ನಕ್ಕೆ ಅವು ಬೇಡ. ಎಸ್ಚರೀಚಿಯಾ ಕೋಲೈ ಒಂದರಲ್ಲೇ ಸುಮಾರು 30 ಹಿಸ್ಟಿಡೀನ್ ಕೈನೇಸ್‌ಗಳಿವೆ. ಅವುಗಳಲ್ಲಿ ಹಲವು ಹಳೆಯ ಪ್ರತಿಗಳು ನಕಲಾಗಿ ಹುಟ್ಟಿದವು. ಸಾಲದ್ದಕ್ಕೆ ಒಂದರ ತಲೆಭಾಗ ಇನ್ನೊಂದರ ಬಾಲಕ್ಕೆ ಸೇರಿಕೊಂಡ ಉದಾಹರಣೆಗಳೂ ಸಾಕಷ್ಟಿವೆ. ಒಂದೇ ಪ್ರೋಟೀನ್‌ನ ಎರಡು ಭಾಗಗಳಿಗೆ ಎರಡು ಬೇರೆ ಇತಿಹಾಸಗಳಿದ್ದರೆ ಅದನ್ನು ಒಂದು ಮರದಲ್ಲಿ ತೋರಿಸುವುದು ಹೇಗೆ?

ಲಕ್ಸ್‌ಎಸ್ ಹಾಗಲ್ಲ. ಇದು ಚಿಕ್ಕದು, ಒಂದೇ ರಚನಾ ಭಾಗದ್ದು (ಡೊಮೈನ್), ಸಾಮಾನ್ಯವಾಗಿ ಒಂದು ಜೀನೋಮ್‌ನಲ್ಲಿ ಒಂದೇ ಪ್ರತಿ ಇರುತ್ತದೆ. ಎಸ್ಚರೀಚಿಯಾ ಕೋಲೈಯಲ್ಲಿ ಇದರ ಉದ್ದ 171 ಅಮೈನೋ ಆಮ್ಲ, ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ 157. ಹುಡುಕಿದಾಗ ಅಡ್ಡಾದಿಡ್ಡಿ ಫಲಿತಾಂಶ ಬರುವುದು ಕಡಿಮೆ, ತಪ್ಪಾದರೆ ಎಲ್ಲಿ ತಪ್ಪಾಯಿತೆಂದು ಕಣ್ಣಿಗೆ ಕಾಣುತ್ತದೆ.

ಕೆಲಸಕ್ಕೆ ಕೈಹಾಕುವ ಮೊದಲು ಕಿಣ್ವದ ಕಸುಬನ್ನು ತಿಳಿದಿರಬೇಕು. ಜೀವಕೋಶದಲ್ಲಿ ಮೀಥೈಲ್ ಗುಂಪನ್ನು ದಾನ ಮಾಡುವ ಅಣು ಎಸ್-ಅಡಿನೋಸಿಲ್‌ಮೀಥಿಯೊನೀನ್. ದಾನ ಮುಗಿದ ಮೇಲೆ ಉಳಿಯುವ ಎಸ್-ಅಡಿನೋಸಿಲ್‌ಹೋಮೋಸಿಸ್ಟೀನ್ ಮೀಥೈಲ್ ವರ್ಗಾವಣೆಗೇ ಅಡ್ಡಿಯಾಗುತ್ತದೆ, ಅದನ್ನು ತೊಲಗಿಸಲೇಬೇಕು. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಎರಡು ಹೆಜ್ಜೆಯಲ್ಲಿ ಒಡೆಯುತ್ತವೆ. ಮೊದಲು ಪಿಎಫ್‌ಎಸ್ ಎಂಬ ಕಿಣ್ವ ಅಡಿನೀನ್ ಅನ್ನು ಕಳಚುತ್ತದೆ. ಉಳಿದ ಎಸ್-ರೈಬೋಸಿಲ್‌ಹೋಮೋಸಿಸ್ಟೀನ್ ಅನ್ನು ಲಕ್ಸ್‌ಎಸ್ ಸೀಳುತ್ತದೆ. ಒಂದು ತುಂಡು ಹೋಮೋಸಿಸ್ಟೀನ್, ಅದು ಮತ್ತೆ ಬಳಕೆಗೆ ಬರುತ್ತದೆ. ಇನ್ನೊಂದು ಡಿಪಿಡಿ ಎಂಬ ಚಿಕ್ಕ ಅಣು. ಅದು ತಾನಾಗಿಯೇ ಮಡಚಿಕೊಂಡು ಆಟೋಇಂಡ್ಯೂಸರ್-2 ಆಗುತ್ತದೆ. ಕೋಶಗಳು ತಮ್ಮ ಸಂಖ್ಯೆಯನ್ನು ಅಂದಾಜು ಮಾಡಿಕೊಳ್ಳುವ ಕೋರಂ ಸೆನ್ಸಿಂಗ್ ಎಂಬ ವ್ಯವಸ್ಥೆಯಲ್ಲಿ ಇದೊಂದು ಸಂಕೇತ.

ಅಂದರೆ ಲಕ್ಸ್‌ಎಸ್‌ಗೆ ಎರಡು ಕೆಲಸ: ಕಸ ತೆಗೆಯುವುದು, ಸುದ್ದಿ ಕಳಿಸುವುದು. ಈ ದ್ವಂದ್ವವನ್ನು ಕೊನೆಯವರೆಗೂ ಮರೆಯಬೇಡಿ, ಮರವನ್ನು ಓದುವಾಗ ಬಹಳಷ್ಟು ಜನ ಎಡವುವುದು ಇಲ್ಲೇ.

ಮೊದಲ ಅನುಕ್ರಮವನ್ನು ಆರಿಸುವುದು

ಯೂನಿಪ್ರಾಟ್ ದತ್ತಸಂಚಯಕ್ಕೆ ಹೋಗಿ. ಎಸ್ಚರೀಚಿಯಾ ಕೋಲೈ ಲಕ್ಸ್‌ಎಸ್‌ನ ಸಂಖ್ಯೆ ಪಿ45578, ಬ್ಯಾಸಿಲಸ್ ಸಬ್ಟಿಲಿಸ್‌ನದು ಓ34667. ಎರಡನೆಯದರ ಮೊದಲ ಅಕ್ಷರ ಸೊನ್ನೆಯಲ್ಲ, ಇಂಗ್ಲಿಷಿನ ಓ. ಎರಡೂ ತಜ್ಞರು ಪರಿಶೀಲಿಸಿದ ದಾಖಲೆಗಳು. ಕಿಣ್ವದ ವರ್ಗಸಂಖ್ಯೆ 4.4.1.21, ಪ್ರೋಟೀನ್ ಕುಟುಂಬಗಳ ದತ್ತಸಂಚಯವಾದ ಪಿಫ್ಯಾಮ್‌ನಲ್ಲಿ ಕುಟುಂಬದ ಸಂಖ್ಯೆ ಪಿಎಫ್02664.

ಹೆಸರನ್ನಷ್ಟೇ ನಂಬಿ ಹುಡುಕಬೇಡಿ. ಲಕ್ಸ್ ಎಂಬ ಪೂರ್ವಪದ ಬಂದಿರುವುದು ಬೆಳಕು ಸೂಸುವ ಬ್ಯಾಕ್ಟೀರಿಯಾಗಳಿಂದ. ಬೆಳಕಿಗೆ ಸಂಬಂಧಿಸಿದ ಯಾವ ಜೀನ್ ಸಿಕ್ಕಿದರೂ ಅದೇ ಪೂರ್ವಪದ ಕೊಟ್ಟು ಕೊನೆಗೊಂದು ಅಕ್ಷರ ಸೇರಿಸಿದರು. ಹೀಗಾಗಿ ಲಕ್ಸ್‌ಎ, ಲಕ್ಸ್‌ಐ, ಲಕ್ಸ್‌ಆರ್, ಲಕ್ಸ್‌ಎಸ್ ಇವೆಲ್ಲ ಒಂದೇ ಮನೆಯವಲ್ಲ, ಮನೆಯ ಫಲಕ ಮಾತ್ರ ಒಂದು. ಇನ್ನೊಂದು ತೊಡಕು, ಹಳೆಯ ಟಿಪ್ಪಣಿಗಳಲ್ಲಿ ಇದೇ ಜೀನ್ ಬೇರೆ ಹೆಸರಿನಲ್ಲಿರುತ್ತದೆ. 1999ರಲ್ಲಿ ಲಕ್ಸ್‌ಎಸ್ ಎಂದು ಗುರುತಿಸುವ ಮೊದಲು ಎಸ್ಚರೀಚಿಯಾ ಕೋಲೈಯಲ್ಲಿ ಇದು ಕೆಲಸ ಗೊತ್ತಿಲ್ಲದ ವೈಜಿಎಜಿ ಆಗಿತ್ತು. ಹಾಗಾಗಿ ಹುಡುಕಾಟ ನಡೆಯಬೇಕಾದದ್ದು ಅನುಕ್ರಮದಿಂದ.

ಪ್ರೋಟೀನ್ ಅನುಕ್ರಮದ ಜೊತೆಗೆ ಡಿಎನ್‌ಎ ಅನುಕ್ರಮವನ್ನೂ ಇಳಿಸಿಕೊಂಡು ಒಮ್ಮೆ ಕಣ್ಣಾಡಿಸಿ. ಎಸ್ಚರೀಚಿಯಾ ಕೋಲೈಯದು 516 ಅಕ್ಷರ: ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರದ 171 ಕೋಡಾನ್, ಕೊನೆಯಲ್ಲೊಂದು ನಿಲುಗಡೆ ಕೋಡಾನ್. ಉದ್ದ ಮೂರರಿಂದ ಭಾಗವಾಗುತ್ತದೆಯೇ, ನಡುವೆ ನಿಲುಗಡೆ ಬಂದಿದೆಯೇ ಎಂದು ನೋಡುವುದು ಎರಡು ನಿಮಿಷದ ಕೆಲಸ. ಇದು ಸುಮ್ಮನೆ ಶಿಸ್ತಿಗಾಗಿ ಹೇಳಿದ್ದಲ್ಲ. ಪ್ರಯೋಗಾಲಯಗಳಲ್ಲಿ ಎಲ್ಲೆಡೆ ಬಳಸುವ ಡಿಎಚ್5 ಆಲ್ಫಾ ತಳಿಯ ಲಕ್ಸ್‌ಎಸ್‌ನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ಅಲ್ಲಿಂದ ಮುಂದಿನ ಓದೆಲ್ಲ ಪಲ್ಲಟವಾಗಿ ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ, ಆ ತಳಿ ಆಟೋಇಂಡ್ಯೂಸರ್-2 ತಯಾರಿಸುವುದಿಲ್ಲ. ಒಂದೇ ಪ್ರಭೇದದ ಇನ್ನೊಂದು ತಳಿಯಲ್ಲಿ ಜೀನ್ ಸರಿಯಾಗಿರುತ್ತದೆ. ಪ್ರಭೇದದ ಹೆಸರು ನೋಡಿ ಅನುಕ್ರಮ ಆರಿಸಿದರೆ ಇಂಥದ್ದು ಕೈಗೆ ಬರಬಹುದು.

ಬಂಧುಗಳನ್ನು ಕಲೆಹಾಕುವುದು

ಹೋಲುವ ಅನುಕ್ರಮಗಳನ್ನು ದತ್ತಸಂಚಯದಲ್ಲಿ ಹುಡುಕುವ ಬ್ಲಾಸ್ಟ್ ಎಂಬ ಸಾಧನದಲ್ಲಿ ಪ್ರೋಟೀನ್‌ನಿಂದ ಪ್ರೋಟೀನ್‌ಗೆ ಹುಡುಕಿ. ದೂರದ ಬಂಧುಗಳನ್ನು ಡಿಎನ್‌ಎ ಮಟ್ಟದಲ್ಲಿ ಹುಡುಕುವುದು ವ್ಯರ್ಥ ಶ್ರಮ. ಒಂದೇ ಅಮೈನೋ ಆಮ್ಲಕ್ಕೆ ಹಲವು ಕೋಡಾನ್‌ಗಳಿರುವುದರಿಂದ ಮೂರನೆಯ ಅಕ್ಷರ ಬೇಗ ಬೇಗ ಬದಲಾಗುತ್ತದೆ. ಕೋಟ್ಯಂತರ ವರ್ಷಗಳಾದ ಮೇಲೆ ಅಲ್ಲಿ ಗುರುತು ಉಳಿಯುವುದಿಲ್ಲ. ಒಂದೇ ಪ್ರಭೇದದ ತಳಿಗಳನ್ನು ಹೋಲಿಸುವಾಗ ಮಾತ್ರ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಪ್ರೋಟೀನ್‌ಗಳೆಲ್ಲ ಒಂದೇ ಆಗಿರುವುದರಿಂದ ಡಿಎನ್‌ಎಯೇ ಗತಿ.

ಬ್ಲಾಸ್ಟ್ ಕೊಡುವ ಇ-ಮೌಲ್ಯವನ್ನು ಹೀಗೆ ಓದಿ: ಇಷ್ಟು ದೊಡ್ಡ ದತ್ತಸಂಚಯದಲ್ಲಿ ಇಷ್ಟು ಒಳ್ಳೆಯ ಹೋಲಿಕೆ ಬರೀ ಆಕಸ್ಮಿಕವಾಗಿ ಎಷ್ಟು ಬಾರಿ ಸಿಗಬಹುದು? 0.00001ಕ್ಕಿಂತ ಕಡಿಮೆ ಇರುವುದನ್ನು ಇಟ್ಟುಕೊಳ್ಳುವುದು ರೂಢಿ. ಲಕ್ಸ್‌ಎಸ್‌ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ವ್ಯಾಪ್ತಿ. ಹೋಲಿಕೆ ಪ್ರೋಟೀನ್‌ನ ಶೇ. 80ಕ್ಕಿಂತ ಹೆಚ್ಚು ಭಾಗವನ್ನು ಆವರಿಸಿರಲಿ.

ಇಲ್ಲಿ ದೊಡ್ಡ ಬಲೆ ಎಂದರೆ ದತ್ತಸಂಚಯದ ಪಕ್ಷಪಾತ. ಮನುಷ್ಯನಿಗೆ ರೋಗ ತರುವ ಬ್ಯಾಕ್ಟೀರಿಯಾಗಳ ಜೀನೋಮ್‌ಗಳು ಸಾವಿರ ಸಾವಿರ ಇವೆ, ಮಣ್ಣಿನಲ್ಲಿ ಸುಮ್ಮನೆ ಬದುಕಿರುವವು ಅವುಗಳಿಗೆ ಹೋಲಿಸಿದರೆ ತೀರಾ ಕಡಿಮೆ. ಮೊದಲ ನೂರು ಫಲಿತಾಂಶ ತೆಗೆದುಕೊಂಡರೆ ನಿಮ್ಮ ಬಳಿ ಎಸ್ಚರೀಚಿಯಾ, ಸಾಲ್ಮೊನೆಲ್ಲಾ ಮತ್ತು ಅವುಗಳ ಅಕ್ಕಪಕ್ಕದವು ಮಾತ್ರ ಇರುತ್ತವೆ. ಆದ್ದರಿಂದ ವರ್ಗೀಕರಣದ ಗುಂಪುಗಳನ್ನು ಒಂದೊಂದಾಗಿ ಆರಿಸಿ ಪ್ರತ್ಯೇಕವಾಗಿ ಹುಡುಕಿ. ಗ್ಯಾಮಾಪ್ರೋಟಿಯೊಬ್ಯಾಕ್ಟೀರಿಯಾದಿಂದ ಎಸ್ಚರೀಚಿಯಾ, ವಿಬ್ರಿಯೊ, ಹೀಮೋಫಿಲಸ್, ಶಿವನೆಲ್ಲಾ; ಬೀಟಾ ಗುಂಪಿನಿಂದ ನೈಸೀರಿಯಾ; ಫರ್ಮಿಕ್ಯೂಟ್‌ಗಳಿಂದ ಬ್ಯಾಸಿಲಸ್, ಸ್ಟಫೈಲೊಕಾಕಸ್, ಸ್ಟ್ರೆಪ್ಟೊಕಾಕಸ್, ಲಿಸ್ಟೀರಿಯಾ, ಲ್ಯಾಕ್ಟೊಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ; ಜೊತೆಗೆ ಹೆಲಿಕೊಬ್ಯಾಕ್ಟರ್, ಕ್ಯಾಂಪೈಲೊಬ್ಯಾಕ್ಟರ್, ಬೊರೆಲಿಯಾ, ಡೈನೊಕಾಕಸ್, ಬೈಫಿಡೊಬ್ಯಾಕ್ಟೀರಿಯಂ. ಅರವತ್ತರಿಂದ ಎಂಬತ್ತು ಅನುಕ್ರಮ ಸಾಕು. ಹೆಚ್ಚು ಸೇರಿಸಿದಷ್ಟೂ ಮರ ಒಳ್ಳೆಯದಾಗುತ್ತದೆ ಎಂಬುದು ನಿಜವಲ್ಲ, ವೈವಿಧ್ಯ ಹೆಚ್ಚಿದಷ್ಟೂ ಒಳ್ಳೆಯದು.

ಸಿಗದಿರುವುದನ್ನೂ ದಾಖಲಿಸಿ. ಸ್ಯೂಡೋಮೊನಾಸ್ ಏರುಜಿನೋಸಾದಲ್ಲಿ ಹುಡುಕಿದರೆ ಲಕ್ಸ್‌ಎಸ್ ಸಿಗುವುದಿಲ್ಲ. ಹುಡುಕಾಟ ಸೋತಿತೆಂದಲ್ಲ. ಆ ಬ್ಯಾಕ್ಟೀರಿಯಾ ಅದೇ ಕಸವನ್ನು ಎಸ್‌ಎಎಚ್‌ಎಚ್ ಎಂಬ ಬೇರೊಂದು ಕಿಣ್ವದಿಂದ ಒಂದೇ ಹೆಜ್ಜೆಯಲ್ಲಿ ಒಡೆಯುತ್ತದೆ, ಆ ದಾರಿಯಲ್ಲಿ ಡಿಪಿಡಿ ಹುಟ್ಟುವುದೇ ಇಲ್ಲ. ಪ್ರತಿ ಜೀನೋಮ್‌ಗೂ ಲಕ್ಸ್‌ಎಸ್ ಇದೆಯೇ, ಎಸ್‌ಎಎಚ್‌ಎಚ್ ಇದೆಯೇ ಎಂದು ಎರಡು ಕಾಲಂಗಳ ಪಟ್ಟಿ ಮಾಡಿಟ್ಟುಕೊಳ್ಳಿ. ಮರಕ್ಕಿಂತ ಈ ಪಟ್ಟಿಯೇ ಹೆಚ್ಚು ಮಾತಾಡುವ ಸಂದರ್ಭಗಳಿವೆ.

ಜರಡಿ ಹಿಡಿಯುವುದು

ಈಗ ಎಲ್ಲ ಅನುಕ್ರಮಗಳೂ ಫಾಸ್ಟಾ ಎಂಬ ಸರಳ ಪಠ್ಯ ರೂಪದ ಕಡತವೊಂದರಲ್ಲಿವೆ. ಶೇ. 90ಕ್ಕಿಂತ ಹೆಚ್ಚು ಹೋಲುವವುಗಳಲ್ಲಿ ಒಂದನ್ನಷ್ಟೇ ಉಳಿಸಿ, ಸಿಡಿ-ಹಿಟ್ ಎಂಬ ಸಾಧನ ಇದನ್ನು ಕ್ಷಣದಲ್ಲಿ ಮಾಡುತ್ತದೆ. 140ಕ್ಕಿಂತ ಚಿಕ್ಕವನ್ನೂ 185ಕ್ಕಿಂತ ಉದ್ದವಾದವನ್ನೂ ಅನುಮಾನದಿಂದ ನೋಡಿ. ಚಿಕ್ಕದು ಅಪೂರ್ಣ ಅನುಕ್ರಮವಿರಬಹುದು. ಉದ್ದವಾದದ್ದರಲ್ಲಿ ಆರಂಭದ ಕೋಡಾನ್ ಅನ್ನು ತಪ್ಪಾಗಿ ಗುರುತಿಸಿರಬಹುದು. ಬ್ಯಾಕ್ಟೀರಿಯಾಗಳಲ್ಲಿ ಎಟಿಜಿ ಮಾತ್ರವಲ್ಲ, ಜಿಟಿಜಿ ಮತ್ತು ಟಿಟಿಜಿ ಕೂಡ ಆರಂಭದ ಕೋಡಾನ್ ಆಗಬಲ್ಲವು, ಯಂತ್ರಗಳು ಇಲ್ಲಿ ಆಗಾಗ ಮುಗ್ಗರಿಸುತ್ತವೆ.

ಹೆಸರುಗಳನ್ನು ಈಗಲೇ ಚೊಕ್ಕ ಮಾಡಿ. ಪ್ರಭೇದದ ಹೆಸರು, ಅಡಿಗೆರೆ, ದಾಖಲೆಯ ಸಂಖ್ಯೆ ಇಷ್ಟೇ ಇರಲಿ. ಆವರಣ ಚಿಹ್ನೆ, ಅಲ್ಪವಿರಾಮ, ಅರ್ಧವಿರಾಮಗಳು ಮರದ ಕಡತದಲ್ಲಿ ವ್ಯಾಕರಣದ ಚಿಹ್ನೆಗಳಾಗಿರುವುದರಿಂದ ಹೆಸರಿನಲ್ಲಿ ಅವು ನುಸುಳಿದರೆ ಮುಂದೆ ಕಡತವೇ ತೆರೆಯುವುದಿಲ್ಲ.

ಉದ್ದ ನೋಡದೆ ಮುಂದೆ ಹೋದ ಪಾಡನ್ನು ನಾನೂ ಅನುಭವಿಸಿದ್ದೇನೆ. ನನ್ನ ಮೊದಲ ಮರವೊಂದರಲ್ಲಿ ಒಂದು ಕೊಂಬೆ ಉಳಿದವುಗಳ ಮೂರರಷ್ಟು ಉದ್ದ ಚಾಚಿಕೊಂಡಿತ್ತು. ಅತಿ ವೇಗದ ವಿಕಾಸ ಎಂದು ಖುಷಿಪಟ್ಟು ಎರಡು ಪುಟ ವಿವರಣೆ ಬರೆದೆ. ಆಮೇಲೆ ನೋಡಿದರೆ ಅದು ಅರ್ಧ ಕತ್ತರಿಸಿದ ಅನುಕ್ರಮ, ಅದರ ಬಾಲದಲ್ಲಿ ಓದು ಪಲ್ಲಟವಾಗಿ ಹುಟ್ಟಿದ ಅಸಂಬದ್ಧ ಅಕ್ಷರಗಳು.

ಜೋಡಣೆ: ನಿಜವಾದ ಕೆಲಸ ಇಲ್ಲಿದೆ

ಬಹುಅನುಕ್ರಮ ಜೋಡಣೆ ಎಂದರೆ ಎಲ್ಲ ಪ್ರೋಟೀನ್‌ಗಳನ್ನು ಸಾಲಾಗಿ ಬರೆದು, ಒಂದೇ ಪೂರ್ವಜ ಸ್ಥಾನದಿಂದ ಬಂದ ಅಮೈನೋ ಆಮ್ಲಗಳು ಒಂದೇ ಕಂಬಸಾಲಿನಲ್ಲಿ ನಿಲ್ಲುವಂತೆ ಮಾಡುವುದು. ಪ್ರತಿ ಕಂಬಸಾಲೂ ಒಂದು ಪ್ರತಿಪಾದನೆ. ಅದು ತಪ್ಪಾದರೆ ಮುಂದಿನ ಯಾವ ಸಂಖ್ಯಾಶಾಸ್ತ್ರವೂ ಸರಿಪಡಿಸಲಾರದು.

ಜೋಡಣೆಗೆ ಮ್ಯಾಫ್ಟ್ ಎಂಬ ತಂತ್ರಾಂಶ ಬಳಸಿ. ಇನ್ನೂರಕ್ಕಿಂತ ಕಡಿಮೆ ಅನುಕ್ರಮಗಳಿರುವಾಗ ಅದರ ನಿಧಾನವಾದ, ನಿಖರವಾದ ಎಲ್-ಐಎನ್‌ಎಸ್-ಐ ವಿಧಾನವನ್ನೇ ಆರಿಸಿ. ಲಕ್ಸ್‌ಎಸ್‌ನಷ್ಟು ಚಿಕ್ಕ ಪ್ರೋಟೀನ್‌ಗೆ ಸಮಯ ಉಳಿಸಿ ಸಾಧಿಸುವುದೇನೂ ಇಲ್ಲ. ಬಳಿಕ ಫಲಿತಾಂಶವನ್ನು ಜಾಲ್‌ವ್ಯೂ ಅಥವಾ ಏಲಿವ್ಯೂನಲ್ಲಿ ತೆರೆದು ಬಣ್ಣ ಹಾಕಿ ನೋಡಿ.

ಎಲ್ಲಿ ನೋಡಬೇಕು? ಕಿಣ್ವದ ಕೆಲಸದ ಜಾಗದಲ್ಲಿ. 2001ರಲ್ಲಿ ಹೊರಬಂದ ಸ್ಫಟಿಕ ರಚನೆಗಳಿಂದ ತಿಳಿದದ್ದು ಇಷ್ಟು: ಲಕ್ಸ್‌ಎಸ್ ಜೋಡಿಯಾಗಿ ಕೆಲಸ ಮಾಡುತ್ತದೆ, ಎರಡು ಪ್ರತಿಗಳು ಕೂಡುವ ಸಂಧಿಯಲ್ಲಿ ಕ್ರಿಯಾಸ್ಥಾನವಿದೆ, ಅಲ್ಲೊಂದು ಲೋಹದ ಅಯಾನು ಕುಳಿತಿದೆ. ಆರಂಭದಲ್ಲಿ ಅದನ್ನು ಸತು ಎಂದುಕೊಂಡಿದ್ದರು. ಸಹಜ ಸ್ಥಿತಿಯಲ್ಲಿ ಅದು ಕಬ್ಬಿಣ ಎಂದು ಬಳಿಕ ಗೊತ್ತಾಯಿತು. ಬ್ಯಾಸಿಲಸ್ ಸಬ್ಟಿಲಿಸ್‌ನ ಎಣಿಕೆಯಲ್ಲಿ ಲೋಹವನ್ನು ಹಿಡಿದಿರುವವು 54 ಮತ್ತು 58ನೆಯ ಹಿಸ್ಟಿಡೀನ್‌ಗಳು ಹಾಗೂ 126ನೆಯ ಸಿಸ್ಟೀನ್. ವೇಗವರ್ಧನೆಯಲ್ಲಿ ಕೈಜೋಡಿಸುವವು 57ನೆಯ ಗ್ಲುಟಮಿಕ್ ಆಮ್ಲ ಮತ್ತು 84ನೆಯ ಸಿಸ್ಟೀನ್.

54ರಿಂದ 58ರವರೆಗಿನ ಐದು ಸ್ಥಾನಗಳು ಒಂದು ಮುದ್ರೆಯಂತೆ: ಹಿಸ್ಟಿಡೀನ್, ಎರಡು ಬದಲಾಗಬಲ್ಲ ಸ್ಥಾನ, ಗ್ಲುಟಮಿಕ್ ಆಮ್ಲ, ಮತ್ತೆ ಹಿಸ್ಟಿಡೀನ್. ನಿಮ್ಮ ಜೋಡಣೆಯಲ್ಲಿ ಈ ಮುದ್ರೆ ಮೇಲಿನಿಂದ ಕೆಳಗಿನವರೆಗೂ ನೇರ ಪಟ್ಟಿಯಾಗಿ ನಿಂತಿರಬೇಕು. ಒಂದು ಸಾಲಿನಲ್ಲಿ ಇಲ್ಲವಾದರೆ ಮೂರು ಸಾಧ್ಯತೆ: ಜೋಡಣೆ ಜಾರಿದೆ, ಅನುಕ್ರಮ ಕೆಟ್ಟಿದೆ, ಅಥವಾ ಅದು ಲಕ್ಸ್‌ಎಸ್ ಅಲ್ಲವೇ ಅಲ್ಲ. ಮೂರರಲ್ಲಿ ಯಾವುದೆಂದು ತಿಳಿಯದೆ ಮುಂದೆ ಹೆಜ್ಜೆ ಇಡಬೇಡಿ.

ಎರಡನೆಯ ಪರೀಕ್ಷೆ ಇನ್ನೂ ಸೊಗಸಾದದ್ದು. ಬ್ಯಾಸಿಲಸ್‌ನ 126ನೆಯ ಸಿಸ್ಟೀನ್‌ಗೆ ಎಸ್ಚರೀಚಿಯಾ ಕೋಲೈಯಲ್ಲಿ ಸರಿಸಮನಾದದ್ದು 128ನೆಯ ಸಿಸ್ಟೀನ್. ಆದರೆ ಎರಡು ಹಿಸ್ಟಿಡೀನ್‌ಗಳ ಸಂಖ್ಯೆ ಎರಡರಲ್ಲೂ ಒಂದೇ. ಅಂದರೆ 58 ಮತ್ತು 126ರ ನಡುವೆ ಎಲ್ಲೋ ಬ್ಯಾಸಿಲಸ್ ಸಾಲಿನಲ್ಲಿ ಲೆಕ್ಕಕ್ಕೆ ಎರಡು ಸ್ಥಾನಗಳ ತೆರಪು ಬೀಳಲೇಬೇಕು. ನಿಮ್ಮ ಜೋಡಣೆಯಲ್ಲಿ ಆ ಎರಡು ಸಿಸ್ಟೀನ್‌ಗಳು ಒಂದೇ ಕಂಬಸಾಲಿನಲ್ಲಿ ನಿಂತಿದ್ದರೆ ಮ್ಯಾಫ್ಟ್ ತನ್ನ ಕೆಲಸ ಮಾಡಿದೆ ಎಂದು ನಂಬಬಹುದು. ಪ್ರಬಂಧಗಳಲ್ಲಿನ ಸಂಖ್ಯೆಗಳೊಂದಿಗೆ ಹೋಲಿಸುವಾಗ ಮಾತ್ರ ಎಚ್ಚರ, ಆರಂಭದ ಮೀಥಿಯೊನೀನ್ ಅನ್ನು ಎಣಿಸದೆ ಬರೆಯುವವರೂ ಇದ್ದಾರೆ.

ಕೊನೆಗೆ ಕತ್ತರಿ. ತೆರಪುಗಳೇ ತುಂಬಿರುವ ಎರಡು ತುದಿಗಳನ್ನು ಟ್ರಿಮ್‌ಆಲ್ ಎಂಬ ಸಾಧನದಿಂದ ತೆಗೆಯಬಹುದು. ಕೈ ಬಿಗಿಯಾಗಿರಲಿ. ನಿಮ್ಮ ಬಳಿ ಇರುವುದೇ ನೂರೈವತ್ತು ಚಿಲ್ಲರೆ ಕಂಬಸಾಲು. ಕಠಿಣ ಮಿತಿ ಹಾಕಿ ಅರ್ಧ ಕತ್ತರಿಸಿದರೆ ಗೊಂದಲದ ಜೊತೆಗೆ ಮಾಹಿತಿಯೂ ಹೋಗುತ್ತದೆ.

ಡಿಎನ್‌ಎ ಮಟ್ಟದಲ್ಲಿ ವಿಶ್ಲೇಷಣೆ ಬೇಕಿದ್ದರೂ ಮೊದಲು ಪ್ರೋಟೀನ್ ಜೋಡಿಸಿ, ಬಳಿಕ ಪ್ರತಿ ಅಮೈನೋ ಆಮ್ಲದ ಜಾಗದಲ್ಲಿ ಅದರ ಕೋಡಾನ್ ಕೂರಿಸಿ. ಪಾಲ್‌ಟುನಾಲ್ ಎಂಬ ಸಾಧನ ಇದಕ್ಕೆಂದೇ ಇದೆ. ನೇರವಾಗಿ ಡಿಎನ್‌ಎ ಜೋಡಿಸಿದರೆ ಕೋಡಾನ್‌ನ ನಡುವೆಯೇ ತೆರಪು ಬಿದ್ದು ಓದು ಹಾಳಾಗುತ್ತದೆ.

ಮರ ಕಟ್ಟುವುದು

ಇದು ಎಲ್ಲಕ್ಕಿಂತ ಸುಲಭದ ಹಂತ. ಮರ ಕಟ್ಟುವ ತಂತ್ರಾಂಶ ಐಕ್ಯು-ಟ್ರೀಗೆ ಜೋಡಣೆಯ ಕಡತ ಕೊಡಿ, ಮಾದರಿಯನ್ನು ಅದರೊಳಗಿನ ಮಾಡೆಲ್‌ಫೈಂಡರ್ ಆರಿಸಲಿ. ಒಂದು ಅಮೈನೋ ಆಮ್ಲ ಇನ್ನೊಂದಾಗಿ ಬದಲಾಗುವ ಸಂಭವಗಳ ಪಟ್ಟಿಯೇ ಮಾದರಿ. ಇಂಥ ಪ್ರೋಟೀನ್‌ಗಳಿಗೆ ಆಗಾಗ ಗೆಲ್ಲುವುದು 2008ರ ಎಲ್‌ಜಿ ಮಾದರಿ, ಜೊತೆಗೆ ಸ್ಥಾನದಿಂದ ಸ್ಥಾನಕ್ಕೆ ವೇಗ ಬದಲಾಗುವುದನ್ನು ಲೆಕ್ಕಹಾಕುವ ಗ್ಯಾಮಾ ಹಂಚಿಕೆ. ಕ್ರಿಯಾಸ್ಥಾನದ ಹಿಸ್ಟಿಡೀನ್ ಎಂದೂ ಅಲುಗಾಡುವುದಿಲ್ಲ, ಹೊರಮೈಯ ಕುಣಿಕೆಗಳು ಬೇಕಾದಂತೆ ಬದಲಾಗುತ್ತವೆ. ಎರಡಕ್ಕೂ ಒಂದೇ ವೇಗ ಎಂದು ಭಾವಿಸುವ ಮಾದರಿ ಸೋಲುವುದು ಸಹಜ.

ಪ್ರತಿ ಕವಲು ಎಷ್ಟು ಗಟ್ಟಿ ಎಂದು ಅಳೆಯಲು ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್ 1000 ಬಾರಿ, ಜೊತೆಗೆ ಎಸ್‌ಎಚ್-ಎಎಲ್‌ಆರ್‌ಟಿ ಪರೀಕ್ಷೆಯನ್ನೂ ಕೇಳಿ. ಮೊದಲನೆಯದು 95ಕ್ಕಿಂತ, ಎರಡನೆಯದು 80ಕ್ಕಿಂತ ಹೆಚ್ಚಿದ್ದರೆ ಆ ಕವಲನ್ನು ನಂಬಬಹುದು. 1985ರಲ್ಲಿ ಜೋಸೆಫ್ ಫೆಲ್ಸೆನ್‌ಸ್ಟೈನ್ ಪರಿಚಯಿಸಿದ ಹಳೆಯ ಬೂಟ್‌ಸ್ಟ್ರಾಪ್‌ಗೆ ಬಳಸುವ 70ರ ಗಡಿಯನ್ನು ಅಲ್ಟ್ರಾಫಾಸ್ಟ್‌ಗೆ ಅನ್ವಯಿಸಬೇಡಿ, ಎರಡರ ಅಳತೆಗೋಲು ಬೇರೆ ಬೇರೆ. ಹೊರತುದಿಯ ಕವಲುಗಳಿಗೆ ಒಳ್ಳೆಯ ಬೆಂಬಲ ಸಿಗುತ್ತದೆ, ಆಳದ ಕವಲುಗಳಿಗೆ ಬಹುಶಃ ಸಿಗುವುದಿಲ್ಲ. ನೂರೈವತ್ತು ಸ್ಥಾನಗಳಿಂದ ಅಷ್ಟು ಹಿಂದಿನ ಕಥೆ ಹೇಳಿಸಲು ಆಗುವುದಿಲ್ಲ. ಬೆಂಬಲವಿಲ್ಲದ ಕವಲುಗಳನ್ನು ಮುಚ್ಚಿ ಒಂದೇ ಗಂಟಿನಿಂದ ಹೊರಟಂತೆ ತೋರಿಸುವುದೇ ಪ್ರಾಮಾಣಿಕ ದಾರಿ.

ಐಕ್ಯು-ಟ್ರೀ ಆರಂಭದಲ್ಲೇ ಅಮೈನೋ ಆಮ್ಲಗಳ ಸಂಯೋಜನೆಯ ಪರೀಕ್ಷೆಯೊಂದನ್ನು ಮುದ್ರಿಸುತ್ತದೆ, ಹೆಚ್ಚಿನವರು ಅದನ್ನು ಓದುವುದಿಲ್ಲ. ಬೊರೆಲಿಯಾದ ಜೀನೋಮ್‌ನಲ್ಲಿ ಜಿ ಮತ್ತು ಸಿ ಅಕ್ಷರಗಳ ಪಾಲು ಶೇ. 30ಕ್ಕಿಂತ ಕಡಿಮೆ, ಡೈನೊಕಾಕಸ್‌ನಲ್ಲಿ ಶೇ. 65ಕ್ಕಿಂತ ಹೆಚ್ಚು. ಈ ಒಲವು ಅಮೈನೋ ಆಮ್ಲಗಳ ಆಯ್ಕೆಯವರೆಗೂ ಹಬ್ಬುತ್ತದೆ. ಸಂಯೋಜನೆ ಹೋಲುವ ಮಾತ್ರಕ್ಕೆ ದೂರದ ಎರಡು ಸಾಲುಗಳು ಮರದಲ್ಲಿ ಅಂಟಿಕೊಳ್ಳಬಹುದು. ಉದ್ದ ಕೊಂಬೆಗಳು ಹತ್ತಿರದ ಬಂಧುಗಳಲ್ಲದಿದ್ದರೂ ಪರಸ್ಪರ ಸೆಳೆದುಕೊಳ್ಳುವ ಪಿಡುಗೂ ಇದೆ. ಅನುಮಾನ ಬಂದರೆ ಆ ಅನುಕ್ರಮವನ್ನು ತೆಗೆದು ಮರವನ್ನು ಮತ್ತೆ ಕಟ್ಟಿ, ಉಳಿದವುಗಳ ಜಾಗ ಬದಲಾಗುತ್ತದೆಯೇ ನೋಡಿ.

ಬೇರು ಎಲ್ಲಿ

ಈಗ ಸಿಕ್ಕಿರುವ ಮರಕ್ಕೆ ಬೇರಿಲ್ಲ. ಯಾರು ಯಾರಿಗೆ ಹತ್ತಿರ ಎಂದಷ್ಟೇ ಅದು ಹೇಳುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಎಂದಲ್ಲ. ಚಿತ್ರದ ಎಡತುದಿಯಲ್ಲಿರುವುದು ಪೂರ್ವಜ ಎಂದು ಓದುವುದು ತೀರಾ ಸಾಮಾನ್ಯ ತಪ್ಪು.

ರೂಢಿಯಂತೆ ಹೊರಗುಂಪೊಂದನ್ನು, ಅಂದರೆ ಕುಟುಂಬಕ್ಕೆ ಹೊರಗಿನ ಬಂಧುವೊಂದನ್ನು, ಸೇರಿಸಿ ಬೇರು ಗುರುತಿಸಬೇಕು. ಲಕ್ಸ್‌ಎಸ್‌ಗೆ ಅನುಕ್ರಮದಲ್ಲಿ ಚೆನ್ನಾಗಿ ಹೋಲುವ ದಾಯಾದಿ ಕುಟುಂಬವಿಲ್ಲದ ಕಾರಣ ಆ ದಾರಿ ಕಷ್ಟ. ದೂರದ ಪ್ರೋಟೀನ್ ಒಂದನ್ನು ಬಲವಂತವಾಗಿ ಸೇರಿಸಿದರೆ ಅದು ಅತಿ ಉದ್ದದ ಕೊಂಬೆಗೆ ಹೋಗಿ ಅಂಟಿಕೊಳ್ಳುತ್ತದೆ. ಮರದ ನಡುಬಿಂದುವಿನಲ್ಲಿ ಬೇರು ಇರಿಸಿ, ಹಾಗೆ ಮಾಡಿದ್ದೀರೆಂದು ಚಿತ್ರದ ಕೆಳಗೆ ಬರೆಯಿರಿ. ಮರವನ್ನು ಚಿತ್ರವಾಗಿ ತೋರಿಸುವ ಫಿಗ್‌ಟ್ರೀ ಮತ್ತು ಐಟಾಲ್ ಎರಡರಲ್ಲೂ ಈ ಸೌಲಭ್ಯವಿದೆ.

ಜೀನ್‌ನ ಮರ, ಬ್ಯಾಕ್ಟೀರಿಯಾದ ಮರ

ನೀವು ಕಟ್ಟಿದ್ದು ಜೀನ್‌ನ ಇತಿಹಾಸ. ಬ್ಯಾಕ್ಟೀರಿಯಾಗಳು ತಾಯಿಕೋಶದಿಂದ ಮಾತ್ರವಲ್ಲ, ಪಕ್ಕದವರಿಂದಲೂ ಜೀನ್ ಪಡೆಯುತ್ತವೆ. ಆದ್ದರಿಂದ ಅವೇ ಪ್ರಭೇದಗಳ ಇನ್ನೊಂದು ಮರ ಬೇಕು. 16ಎಸ್ ರೈಬೋಸೋಮ್ ಆರ್‌ಎನ್‌ಎಯಿಂದ ಕಟ್ಟಬಹುದು, ಇಪ್ಪತ್ತು ಮೂವತ್ತು ರೈಬೋಸೋಮ್ ಪ್ರೋಟೀನ್‌ಗಳನ್ನು ಸಾಲಾಗಿ ಪೋಣಿಸಿ ಕಟ್ಟಿದರೆ ಇನ್ನೂ ಮೇಲು. ಎರಡು ಮರಗಳನ್ನು ಎದುರುಬದುರು ಇಟ್ಟು ಒಂದೇ ಹೆಸರಿನ ತುದಿಗಳ ನಡುವೆ ಗೆರೆ ಎಳೆಯಿರಿ. ಗೆರೆಗಳು ಒಂದನ್ನೊಂದು ದಾಟುವ ಜಾಗಗಳೇ ನಿಮ್ಮ ಪ್ರಶ್ನೆಗಳು.

ಮೊದಲು ನೋಡಬೇಕಾದದ್ದು ಬೈಫಿಡೊಬ್ಯಾಕ್ಟೀರಿಯಂ. ಅದು ಆಕ್ಟಿನೊಬ್ಯಾಕ್ಟೀರಿಯಾ ಗುಂಪಿನದು, ಫರ್ಮಿಕ್ಯೂಟ್‌ಗಳಿಂದ ದೂರ. ನಿಮ್ಮ ಲಕ್ಸ್‌ಎಸ್ ಮರದಲ್ಲಿ ಅದು ಯಾರ ಪಕ್ಕ ಕುಳಿತಿದೆ, ಆ ಕವಲಿಗೆ ಬೆಂಬಲ ಎಷ್ಟು ಎಂದು ಗಮನಿಸಿ. ಬೇರೆ ಗುಂಪಿನೊಳಗೆ ಕುಳಿತಿದ್ದರೂ ತಕ್ಷಣ ಜೀನ್ ವರ್ಗಾವಣೆ ಎಂದು ಘೋಷಿಸಬೇಡಿ. ಪ್ರಭೇದ ಮರಕ್ಕೆ ಹೊಂದುವಂತೆ ಲಕ್ಸ್‌ಎಸ್ ಮರವನ್ನು ಬಲವಂತವಾಗಿ ಕಟ್ಟಿಸಿ, ಎರಡನ್ನೂ ಎಯು ಪರೀಕ್ಷೆಯಿಂದ, ಅಂದರೆ ದತ್ತಾಂಶಕ್ಕೆ ಯಾವ ಮರ ಒಗ್ಗುವುದಿಲ್ಲವೆಂದು ಹೇಳುವ ಸಂಖ್ಯಾಶಾಸ್ತ್ರದ ಪರೀಕ್ಷೆಯಿಂದ, ಹೋಲಿಸಿ. ಬಲವಂತದ ಮರ 0.05ಕ್ಕಿಂತ ಕಡಿಮೆ ಮೌಲ್ಯದೊಂದಿಗೆ ತಿರಸ್ಕೃತವಾದರೆ ಮಾತ್ರ ವರ್ಗಾವಣೆಯ ವಾದಕ್ಕೆ ಬಲ ಬರುತ್ತದೆ. ತಿರಸ್ಕೃತವಾಗದಿದ್ದರೆ ನಿಮ್ಮ ದತ್ತಾಂಶಕ್ಕೆ ಎರಡೂ ಒಂದೇ.

ನೆರೆಹೊರೆ ಮತ್ತು ಕೇಳುವ ಕಿವಿ

ಜೀನೋಮ್‌ನಲ್ಲಿ ಲಕ್ಸ್‌ಎಸ್‌ನ ಅಕ್ಕಪಕ್ಕ ಯಾರಿದ್ದಾರೆಂದು ನೋಡಿ. ಎಸ್ಚರೀಚಿಯಾ ಕೋಲೈಯಲ್ಲಿ ಪಕ್ಕದಲ್ಲಿರುವುದು ಗ್ಲುಟಾಥಯೋನ್ ತಯಾರಿಕೆಯ ಜಿಎಸ್‌ಎಚ್‌ಎ. ಬೊರೆಲಿಯಾ ಬರ್ಗ್‌ಡಾರ್ಫರಿಯಲ್ಲಿ ಪಿಎಫ್‌ಎಸ್, ಎಸ್-ಅಡಿನೋಸಿಲ್‌ಮೀಥಿಯೊನೀನ್ ತಯಾರಿಸುವ ಮೆಟ್‌ಕೆ ಮತ್ತು ಲಕ್ಸ್‌ಎಸ್ ಒಂದೇ ಸಾಲಿನಲ್ಲಿವೆ. ಹೆಲಿಕೊಬ್ಯಾಕ್ಟರ್ ಪೈಲೋರಿಯಲ್ಲಿ ಹೋಮೋಸಿಸ್ಟೀನ್‌ನಿಂದ ಸಿಸ್ಟೀನ್ ಮಾಡುವ ಜೀನ್‌ಗಳು ಜೊತೆಗಿವೆ. ಈ ನೆರೆಹೊರೆಯೆಲ್ಲ ಗಂಧಕದ ಚಯಾಪಚಯದ ಸುತ್ತಲೇ ಇದೆ. ಕಸ ತೆಗೆಯುವ ಕೆಲಸವೇ ಇದರ ಮೂಲ ಕಸುಬು ಎಂಬ ವಾದಕ್ಕೆ ಇದು ಒತ್ತಾಸೆ, ನನಗೂ ಅದೇ ಸರಿ ಎನಿಸುತ್ತದೆ.

ಹಾಗಾದರೆ ಲಕ್ಸ್‌ಎಸ್ ಇರುವ ಬ್ಯಾಕ್ಟೀರಿಯಾಗಳೆಲ್ಲ ಪರಸ್ಪರ ಮಾತಾಡುತ್ತವೆಯೇ? ಮರ ಅದನ್ನು ಹೇಳಲಾರದು. ಮಾತಿಗೆ ಕೇಳುವ ಕಿವಿಯೂ ಬೇಕು. ವಿಬ್ರಿಯೊಗಳಲ್ಲಿ ಆ ಕಿವಿ ಲಕ್ಸ್‌ಪಿ. ಅದು ಹಿಡಿಯುವ ಸಂಕೇತದಲ್ಲಿ ಬೋರಾನ್ ಇದೆ ಎಂದು 2002ರಲ್ಲಿ ಗೊತ್ತಾಯಿತು. ಸಾಲ್ಮೊನೆಲ್ಲಾ ಮತ್ತು ಎಸ್ಚರೀಚಿಯಾ ಕೋಲೈಯಲ್ಲಿರುವುದು ಎಲ್‌ಎಸ್‌ಆರ್‌ಬಿ, ಅದು ಹಿಡಿಯುವ ರೂಪದಲ್ಲಿ ಬೋರಾನ್ ಇಲ್ಲ. ನಿಮ್ಮ ಎರಡು ಕಾಲಂಗಳ ಪಟ್ಟಿಗೆ ಲಕ್ಸ್‌ಪಿ ಮತ್ತು ಎಲ್‌ಎಸ್‌ಆರ್‌ಬಿಯ ಕಾಲಂಗಳನ್ನೂ ಸೇರಿಸಿ, ಐಟಾಲ್‌ನಲ್ಲಿ ಆ ಪಟ್ಟಿಯನ್ನು ಬಣ್ಣದ ಚೌಕಗಳಾಗಿ ಮರದ ತುದಿಗಳ ಮುಂದೆ ಅಂಟಿಸಿ. ಎಲ್‌ಎಸ್‌ಆರ್‌ಬಿ ಹುಡುಕುವಾಗ ಮಾತ್ರ ಹುಷಾರು. ಸಕ್ಕರೆ ಹಿಡಿಯುವ ರೈಬೋಸ್ ಪ್ರೋಟೀನ್‌ಗಳು ಅದರ ಹತ್ತಿರದ ಬಂಧುಗಳಾದ್ದರಿಂದ ಇ-ಮೌಲ್ಯ ಚೆನ್ನಾಗಿದ್ದರೂ ಸಿಕ್ಕಿದ್ದು ಬೇರೆ ಪ್ರೋಟೀನ್ ಆಗಿರಬಹುದು. ಸಂಕೇತವನ್ನು ಹಿಡಿಯುವ ಅಮೈನೋ ಆಮ್ಲಗಳನ್ನು ಒಂದೊಂದಾಗಿ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಚೌಕಕ್ಕೆ ಬಣ್ಣ ತುಂಬಿ.